ಎರವಲು ದನಿ

ಬಸ್ಸು ಹಾಸನ ಬಿಟ್ಟು ಹೊಳೆನರಸೀಪುರದ ರಸ್ತೆಗೆ ತಿರುಗಿತೋ ಇಲ್ಲವೋ, ಡ್ರೈವರು ಟೇಪಿನ ಗುಂಡಿ ಒತ್ತಿದ. ಇದೊಂದು ಬರದಿರಲಿ ಎಂದು ಮೈತ್ರೇಯಿ ಅಂದುಕೊಂಡಿದ್ದ ಹಾಡೇ ಬಂತು. ಆ ವರ್ಷ, ತೊಂಬತ್ತೇಳರಲ್ಲಿ, ಆ ಸೀಮೆಯಲ್ಲಿ ಆ ಹಾಡಿನಿಂದ ತಪ್ಪಿಸಿಕೊಳ್ಳುವುದೆಂದರೆ ಸೊಳ್ಳೆಯಿಂದ ತಪ್ಪಿಸಿಕೊಂಡ ಹಾಗೆ. ಹೋಟೆಲಿನಲ್ಲಿ ಅದೇ, ಹಿಟ್ಟಿನ ಗಿರಣಿಯಲ್ಲಿ ಅದೇ, ಛತ್ರದ ಮೈಕಿನಲ್ಲಿ ಅದೇ, ಪಕ್ಕದ ಮನೆಯ ಹುಡುಗಿ ಬಟ್ಟೆ ಒಗೆಯುವಾಗಲೂ ಅದೇ.

ಬಿಳಿ ಕುದುರೆಯ ದೊರೆಯೆ ಬಾ, ಬಾಗಿಲಲಿ ಕಾದಿರುವೆ,
ನೀ ಮುಟ್ಟದಿರೆ ನಾ ಬರಿ ಕಲ್ಲು, ನೀ ಕರೆದರೆ ಹೆಣ್ಣಾಗುವೆ.

ಕಲ್ಲಂತೆ! ಹೆಣ್ಣು ಹುಟ್ಟುವಾಗಲೇ ಹೆಣ್ಣಾಗಿ ಹುಟ್ಟುತ್ತಾಳಲ್ಲ, ಈ ಪುಣ್ಯಾತ್ಮ ಬಂದು ಕರೆಯುವ ತನಕ ಅವಳು ಏನಾಗಿರುತ್ತಾಳೆ, ಒರಳೋ, ಬೀಸುವ ಕಲ್ಲೋ ಎಂದು ಮೈತ್ರೇಯಿಗೆ ಕೇಳಿದಾಗಲೆಲ್ಲ ಸಿಟ್ಟು ಬರುತ್ತಿತ್ತು. ಸಿಟ್ಟು ತಲೆಯಲ್ಲಿ ಏಳುತ್ತಿದ್ದಾಗಲೇ ಗಂಟಲು ತನ್ನ ಪಾಡಿಗೆ ತಾನು ಹಾಡನ್ನು ಗುನುಗತೊಡಗುತ್ತಿತ್ತು. ರಾಗ ಒಳ್ಳೆಯದು, ಅದೇ ತೊಂದರೆ. ರಾಗ ಕೆಟ್ಟದಾಗಿದ್ದರೆ ಆ ಮಾತುಗಳು ಯಾವತ್ತೋ ಸತ್ತು ಸುಡುಗಾಡು ಸೇರುತ್ತಿದ್ದವು. ಈಗಲೂ ಅವಳಿಗೆ ಗೊತ್ತಿಲ್ಲದ ಹಾಗೆ ತುಟಿ ಅಲುಗಿರಬೇಕು, ದನಿಯೂ ಸ್ವಲ್ಪ ಹೊರಗೆ ಬಂದಿರಬೇಕು, ಟಿಕೆಟ್ ಹರಿಯುತ್ತ ಬಂದ ಕಂಡಕ್ಟರ್ ಬೋರಪ್ಪ ಅವಳ ಸೀಟಿನ ಹತ್ತಿರ ನಿಂತೇಬಿಟ್ಟ. ಬೋರಪ್ಪನ ಮಗಳು ಪ್ರತಿಭಾ ಮೈತ್ರೇಯಿ ಪಾಠ ಹೇಳುವ ಸ್ಕೂಲಿನಲ್ಲಿ ಎಂಟನೇ ಕ್ಲಾಸು.

“ಏನ್ ಮೇಡಮ್ಮೋರೆ, ಟೇಪ್‌ಗಿಂತ ನೀವೇ ಚೆಂದಾಗಿ ಆಡ್ತೀರಲ್ಲ!” ಎಂದ. “ನಮ್ ಮಗೀಗೆ ಇಸ್ಕೂಲ್ ಡೇನಾಗೆ ಈ ಆಡು ಬ್ಯಾಡ ಅಂದ್ಬುಟ್ರಂತೆ. ಮನೇಗ್ ಬಂದು ಒಂದೇ ಸಮ್ನೆ ಅತ್ತದೆ ಕಣ್ರವ್ವಾ. ನೀವ್ ಆಡ್ಬೋದು, ಅವು ಕುಣೀಬಾರ್ದಾ?”

ಅವನು ನಗುತ್ತಲೇ ಕೇಳಿದ್ದ, ಕುಹಕವೇನೂ ಇರಲಿಲ್ಲ. ಆದರೂ ಹಿಂದಿನ ಸೀಟಿನವರು ಕತ್ತು ಚಾಚಿ ನೋಡಿದರು. “ಹಾಗಲ್ಲ ಬೋರಪ್ಪ, ಮಕ್ಕಳಿಗೆ ಬೇರೆ ಒಳ್ಳೆ ಹಾಡು ಕಲಿಸೋಣ ಅಂತ” ಎಂದಳು. ತನ್ನ ಮಾತು ತನಗೇ ಸಪ್ಪೆಯೆನಿಸಿತು. “ಆಗ್ಲಿ ಬುಡಿ, ನಿಮ್ಗೆ ಗೊತ್ತಿಲ್ದಾ” ಎಂದು ಅವನು ಮುಂದೆ ಹೋದ. ಪುರಾಣ ಹೇಳುವುದು, ಬದನೆಕಾಯಿ ತಿನ್ನುವುದು ಎಂದರೆ ಇದೇ ಎಂದು ಮೈತ್ರೇಯಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.

ಹೋದ ವಾರ ಸ್ಟಾಫ್ ರೂಮಿನಲ್ಲಿ ಅವಳು ಭಾಷಣವನ್ನೇ ಮಾಡಿಬಿಟ್ಟಿದ್ದಳು. ಹೆಣ್ಣುಮಕ್ಕಳ ಬಾಯಲ್ಲಿ ನಾನು ಕಲ್ಲು, ನೀನು ದೊರೆ ಅಂತ ಹಾಡಿಸಿ ನಾವೇ ಚಪ್ಪಾಳೆ ತಟ್ಟಬೇಕೇ ಸಾರ್ ಎಂದು ಹೆಡ್‌ಮಾಸ್ಟರನ್ನು ಕೇಳಿದ್ದಳು. ಅವರು ಕನ್ನಡಕ ತೆಗೆದು ಒರೆಸಿಕೊಂಡು, “ನೋಡಿ ಮಿಸ್, ನಿಮಗೆ ಕುದುರೆ ಬರಲಿಲ್ಲ ಅಂತ ಮಕ್ಕಳ ಲಾಯಕ್ಕೂ ಬೀಗ ಹಾಕಿಬಿಡೋದಾ” ಎಂದಿದ್ದರು. ಎಲ್ಲರೂ ನಕ್ಕಿದ್ದರು. ಎಲ್ಲಕ್ಕಿಂತ ಅವಮಾನದ್ದೆಂದರೆ ಅವಳೂ ನಕ್ಕಿದ್ದಳು, ತಮಾಷೆ ಅರ್ಥವಾಗುವ ಹೆಂಗಸು ಎನಿಸಿಕೊಳ್ಳಲು. ನಕ್ಕಾದ ಮೇಲೆ ಹೆಡ್‌ಮಾಸ್ಟರು ಆ ಹಾಡನ್ನು ಸ್ಕೂಲ್ ಡೇ ಪಟ್ಟಿಯಿಂದ ತೆಗೆದಿದ್ದರು. ಆ ಸಂಜೆ ಗೇಟಿನ ಹತ್ತಿರ ಪ್ರತಿಭಾ ಬಂದು, “ಮಿಸ್, ಕುದ್ರೆ ಬರ್ದೇ ಇದ್ರೆ ಆ ಹುಡ್ಗಿ ಕಲ್ಲಾಗೇ ಇದ್ಬುಡ್ತಾಳಾ?” ಎಂದು ನಿಜವಾದ ಕುತೂಹಲದಿಂದ ಕೇಳಿದಳು. ಹೊತ್ತಾಯಿತು ಮನೆಗೆ ಹೋಗು ಎಂದು ಮೈತ್ರೇಯಿ ಅವಳನ್ನು ಸಾಗಹಾಕಿದಳು. ಯಾಕೆಂದರೆ ಆ ಹೊತ್ತಿಗಾಗಲೇ ಅದೇ ಹಾಡನ್ನು, ಅದೇ ಕಲ್ಲು ಅದೇ ದೊರೆಯ ಸಮೇತ, ಒಂದಕ್ಷರ ಬಿಡದೆ ಅವಳು ಕ್ಯಾಸೆಟ್ಟಿಗೆ ಹಾಡಿಕೊಟ್ಟಾಗಿತ್ತು. ಅದು ಅರಕಲಗೂಡಿಗೆ ಹೋಗಿ ಆಗಿತ್ತು.

ಚಿಕ್ಕಮ್ಮ ಸುಂದರಮ್ಮನ ಬುದ್ಧಿ ಅದು. ಮಗಳು ಆರತಿಯ ಜಾತಕ, ಫೋಟೋ ಎರಡರ ಜೊತೆಗೆ ಒಂದು ಕ್ಯಾಸೆಟ್ಟನ್ನೂ ಅರಕಲಗೂಡಿನ ಗಂಡಿನ ಮನೆಗೆ ಕಳಿಸಬೇಕು ಎಂದರು. ಗಂಡಿನ ತಾಯಿಗೆ ಸಂಗೀತವೆಂದರೆ ಪ್ರಾಣ, ಹಾಡು ಬಾರದ ಹುಡುಗಿಯ ಜಾತಕವನ್ನು ಬಿಚ್ಚಿಯೂ ನೋಡುವುದಿಲ್ಲ ಎಂದು ಯಾರೋ ಹೇಳಿದ್ದರಂತೆ. ಆರತಿಗೆ ಹಾಡು ಬರುತ್ತಿರಲಿಲ್ಲ. ಬರುತ್ತಿರಲಿಲ್ಲ ಎಂದರೆ ಸಾಲದು. ಅವಳು ಚಿಕ್ಕವಳಿದ್ದಾಗ ಗೊಂಬೆ ಕೂರಿಸಿದ ದಿನ ಮಂಗಳಾರತಿ ಹಾಡಿಗೆ ದನಿಗೂಡಿಸಿದರೆ, “ನೀನು ಬಾಯಿ ಮಾತ್ರ ಆಡ್ಸೇ, ದನಿ ಅಕ್ಕ ಕೊಡ್ತಾಳೆ” ಎಂದು ಚಿಕ್ಕಮ್ಮನೇ ತಡೆಯುತ್ತಿದ್ದರು. ಬಂದವರು ನಗುತ್ತಿದ್ದರು. ಅಮ್ಮ ಸತ್ತ ಮೇಲೆ ಆ ಮನೆಯಲ್ಲಿ ಬೆಳೆದ ಮೈತ್ರೇಯಿಗೆ ದನಿ ಕೊಡುವವಳು ತಾನು ಎಂಬುದೊಂದೇ ಹೆಚ್ಚುಗಾರಿಕೆ. ಹಾಗಾಗಿ ಕ್ಯಾಸೆಟ್ಟಿನ ಮಾತು ಬಂದಾಗ ಯಾರಿಗೂ ಅದೊಂದು ಮೋಸವೆಂದೇ ಅನಿಸಲಿಲ್ಲ, ಮನೆಯಲ್ಲಿ ನಡೆದುಕೊಂಡು ಬಂದದ್ದೇ ತಾನೆ. “ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ, ನಾನು ಒಂದೇ ಒಂದು ಹೇಳ್ತಿದೀನಿ” ಎಂದರು ಚಿಕ್ಕಮ್ಮ. ನಡುಮನೆಯ ಬಾಗಿಲು ಹಾಕಿಕೊಂಡು, ಮಂಚದ ಮೇಲೆ ಟೂ-ಇನ್-ಒನ್ ಇಟ್ಟುಕೊಂಡು ಮೈತ್ರೇಯಿ ಒಂದು ದೇವರನಾಮ ಹಾಡಿದಳು. ಗಂಡಿಗೂ ಒಂದಿರಲಿ ಎಂದು ಆರತಿಯೇ ಈ ಸಿನಿಮಾ ಹಾಡನ್ನು ಹೇಳಿದಳು. ಕೊನೆಗೆ ಅಡುಗೆಮನೆಯ ಕುಕ್ಕರಿನ ಸೀಟಿಯೂ ಸೇರಿಕೊಂಡಿತ್ತು.

ಗಂಡಿಗೆ ಅದೇ ಹಿಡಿಸಿತಂತೆ. ಹೆಸರು ಮುರಳೀಕೃಷ್ಣ, ಚನ್ನರಾಯಪಟ್ಟಣದಲ್ಲಿ ಬ್ಯಾಂಕ್ ಕೆಲಸ. ದಿನಾ ರಾತ್ರಿ ಊಟವಾದ ಮೇಲೆ ಅದನ್ನೇ ಹಾಕಿಕೊಂಡು ಕೇಳುತ್ತಾನೆ, ಇವತ್ತು ಹುಡುಗಿ ನೋಡಲು ಬಂದಾಗ ಆ ಹಾಡನ್ನು ಎದುರಿಗೇ ಕೇಳಬೇಕು ಎಂದಿದ್ದಾನೆ ಎಂದು ಚಿಕ್ಕಪ್ಪ ಸಂಪತ್ಕುಮಾರ ಫೋನಿನಲ್ಲಿ ಹೇಳಿದಾಗ ಮೈತ್ರೇಯಿಯ ಕಿವಿ ಬಿಸಿಯಾಗಿತ್ತು. ಬರಲ್ಲ ಎನ್ನಬೇಕು ಎಂದು ಬಾಯಿ ತೆರೆದಳು. ಅಷ್ಟರಲ್ಲಿ ಆರತಿ ಫೋನು ಕಿತ್ತುಕೊಂಡು, “ಅಕ್ಕ, ಇದೊಂದು ಸಲ. ಫೋಟೋ ನೋಡಿದೀನಿ ಕಣೇ, ನಂಗೆ ಇಷ್ಟ” ಎಂದುಬಿಟ್ಟಿತು ಆ ಹುಡುಗಿ. ಇಷ್ಟ ಎಂದ ಮೇಲೆ ಇನ್ನೇನು ಹೇಳುವುದು?

ಮೊಸಳೆ ಎಂಬ ಊರಿನ ಹತ್ತಿರ ಬಸ್ಸು ನಿಂತಾಗ ಟೇಪಿನಲ್ಲಿ ಬೇರೆ ಹಾಡು ಬಂದಿತ್ತು, ಅವಳ ತಲೆಯೊಳಗೆ ಮಾತ್ರ ಅದೇ ನಡೆಯುತ್ತಿತ್ತು. ದಿನಾ ರಾತ್ರಿ ಊಟವಾದ ಮೇಲೆ. ಆ ಮಾತು ಅವಳೊಳಗೆ ಎಲ್ಲೋ ಬೆಚ್ಚಗೆ ಕೂತುಬಿಟ್ಟಿತ್ತು. ಅದನ್ನು ಅವಳು ನೇರವಾಗಿ ನೋಡುತ್ತಿರಲಿಲ್ಲ, ದೇವರ ಮನೆಗೆ ನುಗ್ಗಿದ ಬೆಕ್ಕನ್ನು ನೋಡದವರ ಹಾಗೆ ಇದ್ದಳು. ಅವಳನ್ನೂ ನೋಡಲು ಬಂದಿದ್ದರಲ್ಲ, ಎಷ್ಟೋ ಜನ. ಎಲ್ಲರೆದುರೂ ಹಾಡಿದ್ದಳು. ಹಾಡಿ ಮುಗಿಸಿ ಎದ್ದು ನಿಂತಾಗ ಗಂಡಿನ ಕಡೆಯವರ ಮುಖಗಳು ಒಂದೊಂದಾಗಿ ಮೇಲೆ, ಇನ್ನೂ ಮೇಲೆ ಏರುತ್ತಿದ್ದವು. ಹುಡುಗಿ ಎತ್ತರ ಜಾಸ್ತಿಯಾಯಿತು. ಏಳುವಾಗ ಸ್ವಲ್ಪ ಬಗ್ಗಿ ಏಳೇ ಎಂದು ಚಿಕ್ಕಮ್ಮ ಹೇಳಿಕೊಟ್ಟರೂ ಎತ್ತರ ಎಲ್ಲಿ ಹೋಗುತ್ತದೆ. ದುದ್ದದಿಂದ ಬಂದಿದ್ದ ಒಬ್ಬ ಗಂಡಿನ ಅಪ್ಪ ಅಂಗಳದಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ, “ಶಾರೀರ ಚೆನ್ನಾಗಿದೆ. ಅದನ್ನ ಕ್ಯಾಸೆಟ್ ಮಾಡಿಸ್ಕೊಂಡೂ ಕೇಳಬಹುದು” ಎಂದು ನಕ್ಕದ್ದು ಒಳಗಿದ್ದ ಅವಳಿಗೆ ಕೇಳಿಸಿತ್ತು. ಮೂವತ್ತು ದಾಟಿದ ಮೇಲೆ ಬರುವವರು ನಿಂತರು. ನಿಂತದ್ದೇ ಒಳ್ಳೆಯದಾಯಿತು ಎಂದು ಅವಳು ಹಾಸನದಲ್ಲಿ ರೂಮು ಮಾಡಿಕೊಂಡಳು, ಭಾನುವಾರ ತನಗೆ ಬೇಕಾದ ಹೊತ್ತಿಗೆ ಎದ್ದಳು. ಸುಖವಾಗಿದ್ದಳು, ಅದೂ ಸುಳ್ಳಲ್ಲ. ಸುಖವಾಗಿದ್ದವಳು ಇವತ್ತು ಯಾಕೆ ಸಾಸಿವೆ ಬಣ್ಣದ ರೇಷ್ಮೆ ಸೀರೆ ಉಟ್ಟಳು? ಮಿಕ್ಕವೆಲ್ಲ ಇಸ್ತ್ರಿಗೆ ಹೋಗಿದ್ದವು ಎಂದು ಕನ್ನಡಿಗೆ ಹೇಳಿದ್ದಳು. ಬಸ್ಸು ಹೊರಟಾಗ ಒಂದು ಯೋಚನೆ ತಾನಾಗಿ ಬಂತು: ಆತ ಕಣ್ಣು ಮುಚ್ಚಿ ಕೇಳುತ್ತಾನೆ, ಆಮೇಲೆ ಆರತಿಯನ್ನು ನೋಡುತ್ತಾನೆ, ಇಲ್ಲ, ಈ ದನಿ ಈ ಹುಡುಗಿಯದಲ್ಲ, ಯಾರದು ಹೇಳಿ ಎನ್ನುತ್ತಾನೆ. ಛೀ ಎಂದು ಅವಳು ಬಾಯಿಬಿಟ್ಟೇ ಅಂದಳು. ಪಕ್ಕದಲ್ಲಿದ್ದ ಮುದುಕಿ ತನ್ನ ಎಲೆಅಡಿಕೆ ಚೀಲಕ್ಕೆ ಅಂದಳೇನೋ ಎಂದು ಅದನ್ನು ಆಚೆ ಸರಿಸಿಕೊಂಡಳು.

ಹೊಳೆನರಸೀಪುರದ ಮನೆಯಲ್ಲಿ ಕೇಸರಿಬಾತಿನ ವಾಸನೆ ಬೀದಿಗೇ ಬರುತ್ತಿತ್ತು. ಚಿಕ್ಕಮ್ಮ ಬಾಗಿಲಲ್ಲಿ ಎದುರುಗೊಂಡವರು ಅವಳ ಮುಖಕ್ಕಿಂತ ಮುಂಚೆ ಸೀರೆ ನೋಡಿದರು. “ಇದ್ಯಾಕೆ ಉಟ್ಕೊಂಡ್ಬಂದೆ? ಒಳಗೇ ಇರೋಳಿಗೆ?” ಎಂದರು. ಕೋಪದಿಂದಲ್ಲ, ಒಳ್ಳೆ ಸೀರೆಗೆ ಶ್ರುತಿಪೆಟ್ಟಿಗೆಯ ಧೂಳು ತಾಗೀತು ಎಂಬ ಕಾಳಜಿಯಿಂದ. ಮೈತ್ರೇಯಿ ಸೆರಗು ಸಿಕ್ಕಿಸಿಕೊಂಡು ಒಳಗೆ ನಡೆದಳು. ಏರ್ಪಾಟು ಹೀಗಿತ್ತು: ಹುಡುಗಿಗೆ ಎದುರಿಗೆ ಹಾಡಲು ನಾಚಿಕೆ, ಮೊದಲು ರೂಮಿನೊಳಗಿಂದ ಹಾಡುತ್ತಾಳೆ, ಆಮೇಲೆ ಕಾಫಿ ತರುತ್ತಾಳೆ ಎಂದು ಚಿಕ್ಕಪ್ಪ ಹೇಳುವುದು. ರೂಮಿಗೂ ನಡುಮನೆಗೂ ಮಧ್ಯೆ ಹೂವಿನ ಪರದೆ ಇಳಿಬಿಟ್ಟಿದ್ದರು. “ನಾಚಿಕೆ ಅಂದ್ರೆ ಅವರಿಗೂ ಸಂತೋಷ ಆಗುತ್ತೆ ಬಿಡು” ಎಂದು ಚಿಕ್ಕಪ್ಪ ಹಲ್ಲುಬಿಟ್ಟರು. ಮುಂದೆ? ಮದುವೆಯಾದ ಮೇಲೆ ಆತ ಹಾಡು ಅಂದರೆ? ಮೈತ್ರೇಯಿ ಕೇಳಿಯೇಬಿಟ್ಟಳು. “ಮದುವೆ ಆದ್ಮೇಲೆ ಯಾವ ಗಂಡ ಹಾಡು ಕೇಳ್ತಾನೆ? ಸಾರು ಕೇಳ್ತಾನೆ” ಎಂದರು ಚಿಕ್ಕಮ್ಮ. ಆರತಿ ಕಿಲಕಿಲನೆ ನಕ್ಕಿತು. ಬಿ.ಕಾಂ.ನಲ್ಲಿ ಫಸ್ಟ್ ಕ್ಲಾಸು, ಬಾಯಿ ತೆರೆದರೆ ಬೀದಿಯ ಗಂಡುಹುಡುಗರು ದಾರಿ ಬಿಡುವಂಥ ಹುಡುಗಿ, ಇವತ್ತು ಜಡೆಗೆ ಕುಚ್ಚು ಕಟ್ಟಿಸಿಕೊಂಡು ಪಿಳಿಪಿಳಿ ನೋಡುತ್ತಿತ್ತು. ಮೈತ್ರೇಯಿಗೆ ಅದರ ಮೇಲೆ ಮಮತೆಯೂ ಹೊಟ್ಟೆಯುರಿಯೂ ಒಟ್ಟಿಗೇ ಬಂದವು.

ಊಟದ ಹೊತ್ತು ಕಳೆದು, ರಾಹುಕಾಲಕ್ಕೆ ಮುಂಚೆ ಅವರು ಬಂದರು. ಹುಡುಗ ಮತ್ತು ತಾಯಿ, ಇಬ್ಬರೇ. ತಾಯಿ ದೊಡ್ಡ ಕುಂಕುಮದ, ಗಟ್ಟಿ ದನಿಯ ಹೆಂಗಸು. ಚಾಪೆಯ ಮೇಲೆ ಕೂತವರೇ ಊರಿನ ನೀರಿನಿಂದ ಶುರುಮಾಡಿ ಹಾಡಿಗೆ ಬಂದರು. “ಎಲ್ಲಿ, ನಮ್ಮ ಹುಡುಗ ಅದಕ್ಕೇ ಕಾಯ್ತಿದಾನೆ.” ಚಿಕ್ಕಪ್ಪ ನಾಚಿಕೆಯ ಮಾತು ಒಪ್ಪಿಸಿದರು. ಪರದೆಯ ಈಚೆ ಮೈತ್ರೇಯಿ ಶ್ರುತಿಪೆಟ್ಟಿಗೆಯ ತಿದಿ ಒತ್ತಿದಳು. ಪಕ್ಕದಲ್ಲಿ ಆರತಿ, ಬಾಗಿಲಿನಲ್ಲಿ ಕಾವಲಿಗೆ ಚಿಕ್ಕಮ್ಮ.

ಹಾಡು ಶುರುವಾದ ಮೇಲೆ ಅವಳ ಕೈಯಲ್ಲಿ ಏನೂ ಇರುತ್ತಿರಲಿಲ್ಲ, ಯಾವಾಗಲೂ ಹಾಗೇ. ದನಿ ತಾನೇ ದಾರಿ ಹುಡುಕಿಕೊಂಡು ಹೊರಟಿತು. ಬಿಳಿ ಕುದುರೆಯ ದೊರೆಯೆ ಬಾ. ಪರದೆಯ ಸಂದಿಯಲ್ಲಿ ಮುರಳೀಕೃಷ್ಣ ಕಾಣುತ್ತಿದ್ದ. ನೀಟಾಗಿ ಬಾಚಿದ ತಲೆ, ಜೇಬಿನಲ್ಲಿ ಪೆನ್ನು. ಕಣ್ಣು ಮುಚ್ಚಿಕೊಂಡಿದ್ದ. ಮಂಡಿಯ ಮೇಲೆ ಬೆರಳು ಮೆಲ್ಲಗೆ ತಾಳ ಹಾಕುತ್ತಿತ್ತು, ತುಟಿಯಲ್ಲಿ ತನಗಾಗಿಯೇ ಇದೆಲ್ಲ ಎಂಬಂಥ ಒಂದು ಸಣ್ಣ ನಗು. ಅವಳ ಮೈ ಜುಮ್ಮೆಂದಿತು. ಬೇಕೆಂದೇ ಅದೇ ಸಾಲನ್ನು ತಿರುಗಿಸಿ ಒಂದು ಸಂಗತಿ ಹೆಚ್ಚಿಗೆ ಹಾಕಿದಳು, ಅವನ ಹುಬ್ಬು ಮೇಲೇರಿತು. ಅಷ್ಟರಲ್ಲಿ ಕಣ್ಣು ಪಕ್ಕಕ್ಕೆ ಹೋಯಿತು. ಆರತಿ ಕತ್ತು ಸ್ವಲ್ಪ ವಾಲಿಸಿಕೊಂಡು, ಗೋಡೆಯ ಕ್ಯಾಲೆಂಡರಿನ ಕಡೆ ನೋಡುತ್ತ, ದನಿಯಿಲ್ಲದೆ ತುಟಿ ಆಡಿಸುತ್ತಿದ್ದಳು. ಒಂದೊಂದಕ್ಷರಕ್ಕೂ ಸರಿಯಾಗಿ. ನೀ ಮುಟ್ಟದಿರೆ ನಾ ಬರಿ ಕಲ್ಲು. ಇಪ್ಪತ್ತೆರಡು ವರ್ಷದ ಹುಡುಗಿಯ ತುಟಿ ಅಷ್ಟು ಅಭ್ಯಾಸವಾದಂತೆ, ಅಷ್ಟು ವಿಧೇಯವಾಗಿ ಆಡುವುದನ್ನು ನೋಡಿ ಮೈತ್ರೇಯಿಗೆ ಹೆದರಿಕೆಯಾಯಿತು. ಇದಕ್ಕೆ ಬಾಯಿ ಮಾತ್ರ ಸಾಕು, ನನಗೆ ದನಿ ಮಾತ್ರ ಸಾಕು. ಇಬ್ಬರನ್ನೂ ಸೇರಿಸಿದರೂ ಒಂದು ಹೆಣ್ಣು ಆಗಲಿಲ್ಲವಲ್ಲ! ಈ ಹಾಳು ಮಾತುಗಳನ್ನು ಇಷ್ಟು ರುಚಿಮಾಡಿ ಬಡಿಸುತ್ತಿರುವವಳು ನಾನೇ. ಹಾಡು ನಿಂತಿತು. ಅಥವಾ ಅವಳೇ ನಿಲ್ಲಿಸಿದಳು. ಪಲ್ಲವಿ ಅರ್ಧಕ್ಕೇ ಉಳಿಯಿತು.

“ಯಾಕೆ, ನಿಂತೋಯ್ತು?” ಎಂದಿತು ಹೊರಗಿನ ಗಟ್ಟಿ ದನಿ. ಚಿಕ್ಕಮ್ಮ ಹಲ್ಲು ಕಚ್ಚಿ, “ಹಾಡೇ! ನಿನ್ನ ದಮ್ಮಯ್ಯ, ಹಾಡು” ಎಂದರು. ಹೆತ್ತವಳಿಲ್ಲದ ತನ್ನನ್ನು ತಲೆ ಬಾಚಿ, ಅನ್ನ ಹಾಕಿ ಬೆಳೆಸಿದವರು ದಮ್ಮಯ್ಯ ಎನ್ನುತ್ತಿದ್ದಾರೆ. ಒಂದು ಕ್ಷಣ ಮೈತ್ರೇಯಿ ಬಾಯಿ ತೆರೆದಳು ಕೂಡ. ಆಮೇಲೆ ಎದ್ದಳು. ಪರದೆ ಸರಿಸಿ ನಡುಮನೆಗೆ ಬಂದಳು. ಯಾತಕ್ಕೆ ಬಂದಳು? ಆರತಿಯನ್ನು ಸುಳ್ಳಿನಿಂದ ಬಿಡಿಸಲು ಎಂದು ಆಮೇಲೆ ಹೇಳಿಕೊಳ್ಳಬಹುದಿತ್ತು. ಆದರೆ ಆ ಸಾಸಿವೆ ಬಣ್ಣದ ಸೀರೆಯಲ್ಲಿ ಅವನೆದುರು ನಿಂತಾಗ ಅವಳ ಎದೆ ಬಡಿದುಕೊಂಡದ್ದು ಬರೀ ಸತ್ಯಕ್ಕಾಗಿ ಆಗಿರಲಿಲ್ಲ.

“ಕ್ಯಾಸೆಟ್ಟಲ್ಲಿ ಹಾಡಿದ್ದು ನಾನು. ಈಗ ಹಾಡಿದ್ದೂ ನಾನೇ. ಆರತಿಗೆ ಹಾಡು ಬರಲ್ಲ.”

ಚಿಕ್ಕಪ್ಪನ ಕೈಯಲ್ಲಿದ್ದ ಬಾಳೆಹಣ್ಣಿನ ತಟ್ಟೆ ಹಾಗೇ ನಿಂತಿತು. ಮುರಳೀಕೃಷ್ಣ ಕಣ್ಣುಬಿಟ್ಟು ಅವಳನ್ನು ನೋಡಿದ. “ಆ ಹಾಡು... ನೀವಾ?” ಎಂದ. ಬಸ್ಸಿನಲ್ಲಿ ಅವಳು ಮನಸ್ಸಿನಲ್ಲೇ ಬರೆದುಕೊಂಡಿದ್ದ ಮಾತು ಹೆಚ್ಚುಕಡಿಮೆ ಅದೇ. ಅದು ಬಂತು, ಎದೆ ಹೌದೆಂದು ಹಾರಿತು. ಅದರ ಬೆನ್ನಿಗೇ ಅವನ ಕಣ್ಣು ಮುಖದಿಂದ ಹೊರಟು ಮೇಲಕ್ಕೆ ಹೋಗಿ, ಕೆಳಗೆ ಪಾದದ ತನಕ ಇಳಿದು, ಮತ್ತೆ ಮೇಲಕ್ಕೆ ಬಂತು. ಬಟ್ಟೆ ಅಂಗಡಿಯವನು ಗಜ ಹಿಡಿದ ಹಾಗೆ. ಕೆಟ್ಟ ನೋಟವೇನಲ್ಲ, ಅವಳು ಎಷ್ಟೋ ಸಲ ಕಂಡ ನೋಟ. ದಿನಾ ರಾತ್ರಿ ಊಟವಾದ ಮೇಲೆ ಕೇಳುತ್ತಿದ್ದವನೂ ಇವನೇ, ಬೇರೆ ಯಾರೂ ಅಲ್ಲ.

ಅವನ ತಾಯಿ ಸಾವರಿಸಿಕೊಂಡು ಬಾಗಿಲಲ್ಲಿ ನಿಂತ ಚಿಕ್ಕಮ್ಮನನ್ನು ಕೇಳಿದರು: “ಇವರಿಗೆ ಇನ್ನೂ ಆಗಿಲ್ವೇ?”

ಚಿಕ್ಕಮ್ಮ ಅಳುವ ಸ್ಥಿತಿಯಲ್ಲಿದ್ದರು. ಆದರೂ ಆ ಪ್ರಶ್ನೆ ಕಿವಿಗೆ ಬಿದ್ದದ್ದೇ ಅವರ ಮುಖದಲ್ಲಿ ಏನೋ ಒಂದು ಲೆಕ್ಕ ಓಡಿತು. “ಇಲ್ಲ... ಇವಳೂ ನಮ್ಮ ಹುಡುಗೀನೇ” ಎಂದುಬಿಟ್ಟರು. ಅಂದ ಮೇಲೆ ತಮಗೇ ಗಾಬರಿಯಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮೈತ್ರೇಯಿ ಹಿಂದಕ್ಕೆ ತಿರುಗಿ ನೋಡಿದಳು. ಪರದೆಯ ಹಿಂದೆ ಆರತಿ ಕೇಳಿಸಿಕೊಳ್ಳುತ್ತಿದೆ. ನಾನು ಬೇಡವೆಂದು ಬೈಯುತ್ತಿದ್ದ ದೊರೆಯನ್ನು ಮುಟ್ಟಲು ಈ ಹುಡುಗಿಯನ್ನು ಮೆಟ್ಟಿಲು ಮಾಡಿಕೊಂಡೆನೇ? “ನೀವು ನನ್ನ ನೋಡೋಕೆ ಬಂದಿಲ್ಲ. ನಾನೂ ತೋರಿಸ್ಕೊಳ್ಳೋಕೆ ಬಂದಿಲ್ಲ” ಎಂದಳು. ಎರಡನೆಯ ಮಾತು ಅರ್ಧ ಸುಳ್ಳು ಎಂದು ಅವಳಿಗೆ ಗೊತ್ತಿತ್ತು. “ಆರತಿ ಒಳ್ಳೆ ಹುಡುಗಿ, ಓದಿದಾಳೆ, ಜಾಣೆ, ಅವಳಿಗೆ...”

“ಅಕ್ಕ, ಸಾಕು.”

ಆರತಿ ಹೊರಗೆ ಬಂದಿದ್ದಳು. ಕಾಡಿಗೆ ಕೆನ್ನೆಗಿಳಿದಿತ್ತು. ಹುಡುಗನ ಕಡೆ ನೋಡಲೂ ಇಲ್ಲ, ನೇರ ಮೈತ್ರೇಯಿಯ ಮುಂದೆ ನಿಂತಳು. “ಹಾಡೋಳೂ ನೀನೇ, ಹಾಡಕ್ಕೆ ಬರಲ್ಲ ಅಂತ ಹೇಳೋಳೂ ನೀನೇ, ಜಾಣೆ ಅನ್ನೋಳೂ ನೀನೇ. ನಾನೇನು ಬಾಯಿಲ್ದೋಳಾ? ಅದೊಂದು ಮಾತಾದ್ರೂ ನಂಗೆ ಬಿಡಬಾರ್ದಾಗಿತ್ತಾ?”

ಮೈತ್ರೇಯಿಗೆ ಕೆನ್ನೆಗೆ ಬಾರಿಸಿದಂತಾಯಿತು. ಹೆಡ್‌ಮಾಸ್ಟರ ಮಾತಾಗಲಿ, ದುದ್ದದವನ ಮಾತಾಗಲಿ ಇಷ್ಟು ಒಳಗೆ ಹೋಗಿರಲಿಲ್ಲ, ಯಾಕೆಂದರೆ ಇದು ನಿಜವಾಗಿತ್ತು.

“ಶ್ರುತಿ ಹಾಕು” ಎಂದಳು ಆರತಿ.

“ಬೇಡ್ವೇ, ಮಾನ ಹೋಗುತ್ತೆ” ಎಂದರು ಚಿಕ್ಕಮ್ಮ.

“ಹೋಗೋದೆಲ್ಲ ಹೋಗಿದೆ ಬಿಡಮ್ಮ. ಹಾಡು ಕೇಳಕ್ಕೆ ಅಷ್ಟು ದೂರದಿಂದ ಬಂದಿದಾರೆ.” ಚಾಪೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಳು, ಹೆಣ್ಣು ನೋಡಲು ಬಂದಾಗ ಕೂರುವ ಹಾಗಲ್ಲ, ಊಟಕ್ಕೆ ಕೂತವರ ಹಾಗೆ. ಮೈತ್ರೇಯಿ ಶ್ರುತಿಪೆಟ್ಟಿಗೆ ತಂದು ಪಕ್ಕದಲ್ಲಿ ಕೂತಳು.

ಆರತಿ ಹಾಡಿದಳು. ಮೊದಲ ಸಾಲಿನಲ್ಲೇ ಶ್ರುತಿ ಒಂದು ಕಡೆ, ಅವಳು ಒಂದು ಕಡೆ. ದನಿ ಒರಟು, ಮೇಲಕ್ಕೆ ಹೋಗಬೇಕಾದಲ್ಲಿ ಒಡೆಯಿತು, ಇಳಿಯಬೇಕಾದಲ್ಲಿ ಕುಸಿಯಿತು. ಬಾಗಿಲಲಿ ಕಾದಿರುವೆ ಎಂಬುದು ನೀರು ಬಿಡುವವನಿಗೆ ಹೇಳಿದ ದೂರಿನಂತೆ ಕೇಳಿಸಿತು. ನಾ ಬರಿ ಕಲ್ಲು ಎಂದಾಗ ಅವಳಿಗೇ ನಗು ಬಂದು, ತಡೆದುಕೊಂಡು, ಮುಂದುವರಿಸಿದಳು. ಇಷ್ಟು ದಿನ ರಾಗದ ಹಚ್ಚಡ ಹೊದ್ದುಕೊಂಡಿದ್ದ ಮಾತುಗಳು ಆ ದನಿಯಲ್ಲಿ ಬೆತ್ತಲಾಗಿ, ಪೆಚ್ಚಾಗಿ ನಿಂತವು. ಇಂಥದ್ದನ್ನು ಯಾರಾದರೂ ನಂಬುತ್ತಾರೆಯೇ? ಮುರಳೀಕೃಷ್ಣ ಕಣ್ಣು ಮುಚ್ಚಿರಲಿಲ್ಲ. ಇಂಥ ಹಾಡನ್ನು ಕಣ್ಣು ಮುಚ್ಚಿ ಕೇಳುವುದು ಸಾಧ್ಯವೂ ಇರಲಿಲ್ಲ. ಅವನು ಬೆಪ್ಪನಾಗಿ ಆರತಿಯನ್ನೇ ನೋಡುತ್ತಿದ್ದ, ಬಂದಮೇಲೆ ಮೊದಲನೆಯ ಸಲ. ಮೈತ್ರೇಯಿಯ ಗಂಟಲು ತುರಿಸುತ್ತಿತ್ತು. ಒಂದೇ ಒಂದು ಎಳೆ ದನಿ ಕೊಟ್ಟರೆ ಸಾಕು, ಮಗು ದಡ ಸೇರುತ್ತದೆ, ಮನೆಯ ಮಾನ ಉಳಿಯುತ್ತದೆ, ಎಲ್ಲರೂ ಉಸಿರುಬಿಡುತ್ತಾರೆ. ಚಿಕ್ಕಂದಿನಿಂದ ಮಾಡಿಕೊಂಡು ಬಂದ ಕೆಲಸ ಅದು. ತುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದಳು. ತಿದಿಯನ್ನು ಮಾತ್ರ ಒತ್ತುತ್ತಿದ್ದಳು.

ಪಲ್ಲವಿ ಮುಗಿಯಿತು. ಹುಡುಗನ ತಾಯಿ ಗಂಟಲು ಸರಿಮಾಡಿಕೊಂಡು, ಸೆರಗು ಹೊದ್ದು ಏಳಲು ಅನುವಾದರು. “ಆಯ್ತಲ್ಲಮ್ಮ, ಸಾಕು” ಎಂದರು.

ಆರತಿ ಲೋಟದ ನೀರನ್ನು ಗಟಗಟ ಕುಡಿದು, ಬಾಯಿ ಒರೆಸಿಕೊಂಡಳು.

“ಕೂತ್ಕೊಳ್ಳಿ,” ಎಂದಳು, “ಇನ್ನೂ ಎರಡು ಚರಣ ಇದೆ.”